ಸುಯ್ಯೆನ್ನುವ ಮೂರು ಮಾರ್ಕರ್: ಪೇಂಟ್‌ಬಾಲ್ ಗನ್ನಿನ ಗ್ಯಾಸ್ ಸೋರಿಕೆ ಹಿಡಿದದ್ದು

ಬೆಂಚಿನ ಮೇಲಿರುವುದು ಮೂರು ಟಿಪ್‌ಮನ್ 98 ಕಸ್ಟಮ್ ಪೇಂಟ್‌ಬಾಲ್ ಮಾರ್ಕರ್, ಅಂದರೆ ಗ್ಯಾಸಿನ ಒತ್ತಡದಿಂದ ಬಣ್ಣದ ಗುಂಡು ಹೊಡೆಯುವ ಆಟದ ಗನ್ನು. ದೇವರಾಯನದುರ್ಗದ ಕಡೆ ಶನಿವಾರ, ಭಾನುವಾರ ಕ್ಯಾಂಪ್ ನಡೆಸುವ ಹುಡುಗನವು. ಯಾವುದು ಯಾವುದೆಂದು ಗೊತ್ತಾಗಲು ಹಿಡಿಯ ಮೇಲೆ ಉಗುರುಬಣ್ಣದಲ್ಲಿ 4, 7, 11 ಎಂದು ಬರೆದಿದ್ದಾನೆ. ಮೂರಕ್ಕೂ ಅವನು ಹೇಳಿದ ಕಾಯಿಲೆ ಒಂದೇ, ಮದ್ದೂ ಅವನೇ ಬರೆದುಕೊಂಡು ಬಂದಿದ್ದ: ‘ಗ್ಯಾಸ್ ನಿಲ್ತಿಲ್ಲ ಅಣ್ಣ, ಎಲ್ಲಾ ಓ-ರಿಂಗೂ ಹೊಸದು ಹಾಕ್ಬಿಡಿ.’ ಓ-ರಿಂಗ್ ಎಂದರೆ ಜೋಡಣೆಗಳಲ್ಲಿ ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಬಳೆ.

ನನ್ನ ಹೊಟ್ಟೆಪಾಡು ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಕಾರ್ಖಾನೆಗಳ ಗಾಳಿ ಸಿಲಿಂಡರು, ಸೊಲೆನಾಯ್ಡ್ ವಾಲ್ವು ರಿಪೇರಿ ಮಾಡುತ್ತೇನೆ. ಅಲ್ಲಿ ಗಾಳಿಯ ಒತ್ತಡ ಆರೇಳು ಬಾರ್ ದಾಟುವುದಿಲ್ಲ, ಈ ಮಾರ್ಕರಿನಲ್ಲಿ ಅದರ ಎಂಟು ಹತ್ತು ಪಟ್ಟು. ಆದರೂ ಸೋರಿಕೆಯ ಸ್ವಭಾವ ಎರಡೂ ಕಡೆ ಒಂದೇ. ರಬ್ಬರ್ ತಾನಾಗಿ ಕೆಡುವುದು ಅಪರೂಪ, ಏನೋ ಒಂದು ಅದನ್ನು ಕೆಡಿಸಿರುತ್ತದೆ. ಕೆಡಿಸಿದ್ದನ್ನು ಒಳಗೇ ಬಿಟ್ಟು ಹೊಸ ರಿಂಗ್ ಕೂರಿಸಿದರೆ ಎರಡು ವಾರ ಕಳೆಯುವುದರೊಳಗೆ ಅದೂ ಹೋಗುತ್ತದೆ. ಮೂರಕ್ಕೂ ಒಟ್ಟಿಗೆ ಎಲ್ಲ ರಿಂಗ್ ಬದಲಾಯಿಸಿದರೆ ಇನ್ನೊಂದು ನಷ್ಟ: ಸೋರಿಕೆ ನಿಂತರೂ ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ. ಹಾಗಾಗಿ ಅವನ ಮದ್ದಿನ ಚೀಟಿಯನ್ನು ಪಕ್ಕಕ್ಕಿಟ್ಟು ಒಂದೊಂದನ್ನೇ ಕೈಗೆತ್ತಿಕೊಂಡೆ.

ಕೆಲಸಕ್ಕೆ ಮುಂಚೆ ಒಂದು ಮಾತು. ಮಾರ್ಕರ್ ಆಟಿಕೆಯಂತೆ ಕಂಡರೂ ಅದರಿಂದ ಹೊರಡುವ 0.68 ಇಂಚಿನ ಗುಂಡಿನ ವೇಗ ಸೆಕೆಂಡಿಗೆ 280 ಅಡಿಯ ಆಸುಪಾಸು, ಅಂದರೆ 85 ಮೀಟರ್. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತೆಂದೇ ಲೆಕ್ಕ. ಮೇಲಿನ ಹಾಪರ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆದು, ಒಳಗೆ ಗುಂಡಿಲ್ಲ ಎಂದು ಕಣ್ಣಾರೆ ನೋಡಿ, ಬ್ಯಾರೆಲ್ ತುದಿಗೆ ಚೀಲ ಕಟ್ಟಿ, ಕನ್ನಡಕ ಹಾಕಿಕೊಂಡ ಮೇಲೆಯೇ ಗ್ಯಾಸ್ ಜೋಡಿಸುವುದು. ಸೋರುವ ಜಾಗಕ್ಕೆ ಬೆರಳಿಟ್ಟು ನೋಡುವ ಚಪಲವೂ ಬೇಡ. 60 ಬಾರ್ ಒತ್ತಡದಲ್ಲಿ ನುಗ್ಗಿ ಬರುವ ಇಂಗಾಲದ ಡೈಆಕ್ಸೈಡ್ ಚರ್ಮವನ್ನು ಮರಗಟ್ಟಿಸಿಬಿಡುತ್ತದೆ.

ಈಗ ಗ್ಯಾಸು ಹೋಗುವ ದಾರಿ. ಟ್ಯಾಂಕನ್ನು ಹಿಡಿಯ ಅಡಿಯಲ್ಲಿರುವ ಅಡಾಪ್ಟರಿಗೆ ತಿರುಗಿಸಿ ಕೂರಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಟ್ಯಾಂಕಿನ ಮೂತಿಯ ಪಿನ್ ಒತ್ತಿಕೊಂಡು ಗ್ಯಾಸ್ ಬಿಡುಗಡೆಯಾಗುತ್ತದೆ. ಅಲ್ಲಿಂದ ಸ್ಟೀಲ್ ಹೆಣಿಗೆಯ ಹೋಸ್ ಮುಂದಕ್ಕೆ ಹೋಗಿ, ಟೂಂಬ್‌ಸ್ಟೋನ್ ಎಂದು ಕರೆಯುವ ಸಣ್ಣ ಅಡಾಪ್ಟರಿಗೆ ಸೇರಿ, ಅದರ ಮೂಲಕ ಒಳಗಿನ ವಾಲ್ವಿಗೆ. ವಾಲ್ವಿನೊಳಗೆ ಒಂದು ಕಡ್ಡಿ, ಕಡ್ಡಿಯ ತಲೆಗೆ ಪ್ಲಾಸ್ಟಿಕ್ಕಿನ ಗುಂಡನೆಯ ಮುಖ. ಇದೇ ಕಪ್ ಸೀಲ್. ಸ್ಪ್ರಿಂಗೂ ಹಿಂದಿನ ಗ್ಯಾಸೂ ಸೇರಿ ಇದನ್ನು ಲೋಹದ ಸೀಟಿಗೆ ಒತ್ತಿ ಹಿಡಿದಿರುತ್ತವೆ. ಟ್ರಿಗರ್ ಎಳೆದಾಗ ಹಿಂದಿನ ಬೋಲ್ಟ್ (ನಟ್ಟು-ಬೋಲ್ಟಿನದಲ್ಲ, ಒಳಗೆ ಹಿಂದೆ ಮುಂದೆ ಆಡುವ ಲೋಹದ ತುಂಡು) ಸುತ್ತಿಗೆಯ ಕೆಲಸ ಮಾಡಿ ಕಡ್ಡಿಗೆ ಬಡಿಯುತ್ತದೆ. ಸೀಲ್ ಅರೆಗಳಿಗೆ ತೆರೆದುಕೊಂಡು ಸ್ವಲ್ಪ ಗ್ಯಾಸ್ ಮುಂದಕ್ಕೆ ಹೋಗಿ ಗುಂಡನ್ನು ತಳ್ಳುತ್ತದೆ, ಉಳಿದದ್ದು ಹಿಂದಕ್ಕೆ ಬಂದು ಅದೇ ಬೋಲ್ಟನ್ನು ಮತ್ತೆ ಟ್ರಿಗರಿನ ಕೊಕ್ಕೆಗೆ ಸಿಕ್ಕಿಸುತ್ತದೆ. ಬ್ಯಾಟರಿ ಇಲ್ಲ, ಬೋರ್ಡ್ ಇಲ್ಲ. ಇಷ್ಟು ಸರಳವಾದ ಯಂತ್ರವನ್ನು ಬಾಡಿಗೆಗೆ ಕೊಡಲು ಜನ ಯಾಕೆ ಇಷ್ಟಪಡುತ್ತಾರೆ ಎಂಬುದು ಬಿಚ್ಚಿದವನಿಗೆ ಅರ್ಥವಾಗುತ್ತದೆ.

ಸೋರುವ ಮಾರ್ಕರ್ ಕೈಗೆ ಬಂದಾಗ ಎಲ್ಲರೂ ಕೇಳುವುದು ಎಲ್ಲಿ ಸೋರುತ್ತಿದೆ ಎಂದು. ನಾನು ಮೊದಲು ಕೇಳುವುದು ಯಾವಾಗ ಎಂದು. ಈ ಮಾರ್ಕರಿನ ಹೊರಮೈ ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದು. ಒಳಗೆ ಎಲ್ಲಿ ಸೋರಿದರೂ ಗ್ಯಾಸು ಸಂದಿ ಹುಡುಕಿಕೊಂಡು ಟ್ರಿಗರಿನ ಹತ್ತಿರವೋ ಬೆನ್ನಿನ ಕಡೆಯೋ ಹೊರಬರುತ್ತದೆ. ಕಿವಿಗೆ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಹೊತ್ತು ಮಾತ್ರ ಸುಳ್ಳು ಹೇಳುವುದಿಲ್ಲ.

ಮಾರ್ಕರನ್ನು ಕಾಕ್ ಮಾಡಿ, ಅಂದರೆ ಹಿಂದಿನ ಬೋಲ್ಟನ್ನು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿ, ಸುಮ್ಮನೆ ಮೇಜಿನ ಮೇಲಿಟ್ಟರೂ ಸದ್ದು ಬರುತ್ತಿದ್ದರೆ ಅದು ಅಲುಗಾಡದ ಸೀಲುಗಳ ತಕರಾರು: ಟ್ಯಾಂಕ್ ರಿಂಗು, ಹೋಸಿನ ಫಿಟ್ಟಿಂಗು, ಟೂಂಬ್‌ಸ್ಟೋನ್ ರಿಂಗು, ಕಪ್ ಸೀಲು. ಇವುಗಳಲ್ಲಿ ಬ್ಯಾರೆಲ್ಲಿನ ಬಾಯಿಂದ ಗಾಳಿ ಬರುವಂತೆ ಮಾಡುವುದು ಕಪ್ ಸೀಲ್ ಒಂದೇ, ಯಾಕೆಂದರೆ ಬ್ಯಾರೆಲ್ಲಿಗೆ ಹೋಗುವ ಬಾಗಿಲು ಅದೇ. ಸುಮ್ಮನಿದ್ದಾಗ ಸದ್ದಿಲ್ಲ, ಹೊಡೆದಾಗ ಮಾತ್ರ ದಮ್ಮಿಲ್ಲ ಎಂದರೆ ಅನುಮಾನ ಹಿಂದಿನ ಬೋಲ್ಟಿನ ರಿಂಗಿನ ಮೇಲೆ. ಒಮ್ಮೆ ಟ್ರಿಗರ್ ಎಳೆದರೆ ತಾನಾಗಿ ಎರಡು ಮೂರು ಸಲ ಪಟಪಟ ಹೊಡೆದುಕೊಳ್ಳುವುದೂ ಇದರ ಗುರುತೇ. ಹಿಂದಕ್ಕೆ ತಳ್ಳುವ ಗ್ಯಾಸು ರಿಂಗಿನ ಪಕ್ಕದಿಂದ ನುಸುಳಿಹೋಗಿ, ಬೋಲ್ಟ್ ಕೊಕ್ಕೆಯವರೆಗೆ ಮುಟ್ಟದೆ ಮತ್ತೆ ಮುಂದಕ್ಕೆ ಬಡಿಯುತ್ತದೆ. ಇನ್ನೊಂದು ಬಗೆಯದು ಆಟ ಶುರುವಾದಾಗ ಸರಿ ಇದ್ದು, ಯಾರೋ ಉತ್ಸಾಹಿ ಬಿಡುವಿಲ್ಲದೆ ಹೊಡೆದ ಮೇಲೆ ಸೋರಲು ತೊಡಗಿ, ಅರ್ಧ ಗಂಟೆ ಬಿಟ್ಟರೆ ತಾನೇ ನಿಲ್ಲುತ್ತದೆ. ಅದು ಚಳಿಯ ಸೋರಿಕೆ. ಟ್ಯಾಂಕಿನಲ್ಲಿ ಇಂಗಾಲದ ಡೈಆಕ್ಸೈಡ್ ದ್ರವವಾಗಿರುತ್ತದೆ, ಒಂದೇ ಸಮನೆ ಹೊಡೆದರೆ ದ್ರವವೇ ವಾಲ್ವಿಗೆ ನುಗ್ಗಿ ಕುದಿದು ಎಲ್ಲವನ್ನೂ ತಣ್ಣಗಾಗಿಸುತ್ತದೆ. ತಣ್ಣಗಾದ ರಬ್ಬರ್ ಗಟ್ಟಿಯಾಗಿ, ಕುಗ್ಗಿ, ಸೀಲಿನ ಕೆಲಸ ಬಿಡುತ್ತದೆ. ಅಂಥದಕ್ಕೆ ರಿಂಗ್ ಬದಲಾಯಿಸಿ ಪ್ರಯೋಜನವಿಲ್ಲ, ಬಿಟ್ಟು ಬಿಟ್ಟು ಹೊಡೆಯಿರಿ ಎಂದು ಹೇಳಬೇಕು ಅಷ್ಟೇ.

4ನೇ ನಂಬರಿನದರಲ್ಲಿ ಅವನ ದೂರು ಎರಡಿತ್ತು. ಟ್ಯಾಂಕ್ ಹಾಕಿದ ಕೂಡಲೇ ಬ್ಯಾರೆಲ್ಲಿನಿಂದ ಬುಸ್ಸನೆ ಗ್ಯಾಸ್ ಹೋಗುತ್ತದೆ, ಜೊತೆಗೆ ತಿಂಗಳಿಗೆ ನಾಲ್ಕಾರು ಟ್ಯಾಂಕ್ ರಿಂಗ್ ಹರಿಯುತ್ತದೆ. ‘ಒಂದ್ಸಲ ನೀನೇ ಹಾಕಿ ತೋರ್ಸು’ ಎಂದೆ. ಹುಡುಗ ಮಾರ್ಕರ್ ಎತ್ತಿಕೊಂಡು, ಕಾಕ್ ಮಾಡದೆ, ಸೀದಾ ಟ್ಯಾಂಕ್ ತಿರುಗಿಸಿದ. ಮೊದಲ ದೂರು ಅಲ್ಲಿಗೆ ಮುಗಿಯಿತು. ಕಾಕ್ ಮಾಡದಿದ್ದಾಗ ಹಿಂದಿನ ಬೋಲ್ಟ್ ಸ್ಪ್ರಿಂಗಿನ ಒತ್ತಡದಲ್ಲಿ ವಾಲ್ವ್ ಕಡ್ಡಿಗೆ ಒರಗಿಕೊಂಡಿರುತ್ತದೆ. ಬಾಗಿಲಿಗೆ ಕಾಲು ಅಡ್ಡ ಇಟ್ಟ ಹಾಗೆ, ಸೀಲ್ ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಮೊದಲು ಕಾಕ್ ಮಾಡಿ, ಸೇಫ್ಟಿ ಹಾಕಿ, ಆಮೇಲೆ ಟ್ಯಾಂಕ್ ಕೂರಿಸಿದರೆ ಒಂದು ಚೂರೂ ಹೋಗುವುದಿಲ್ಲ. ಮೂರು ಸಲ ಅವನ ಕೈಯಲ್ಲೇ ಮಾಡಿಸಿದೆ.

ಎರಡನೆಯದಕ್ಕೆ ಉತ್ತರ ಟ್ಯಾಂಕ್ ಬಿಚ್ಚುವ ರೀತಿಯಲ್ಲಿ ಅರ್ಧ, ರಿಂಗ್ ಕೊಂಡ ಅಂಗಡಿಯಲ್ಲಿ ಅರ್ಧ ಇತ್ತು. ಟ್ಯಾಂಕನ್ನು ಸರಸರನೆ ತಿರುಗಿಸಿ ಕಿತ್ತರೆ ಹೋಸಿನಲ್ಲಿ ಉಳಿದ ಗ್ಯಾಸು ಹೊರಬರುವ ರಭಸಕ್ಕೆ ರಿಂಗು ತನ್ನ ಕಾಲುವೆಯಿಂದ ಎದ್ದು ಥ್ರೆಡ್ಡಿಗೆ ಸಿಕ್ಕಿ ಹರಿಯುತ್ತದೆ. ಒಂದು ಸುತ್ತು ಬಿಚ್ಚಿ, ಪಿನ್ ಮುಚ್ಚಿಕೊಂಡ ಮೇಲೆ ಮಾರ್ಕರನ್ನು ನೆಲದ ಕಡೆ ಹಿಡಿದು ಗ್ಯಾಸ್ ಮುಗಿಯುವತನಕ ಖಾಲಿ ಹೊಡೆದು, ಆಮೇಲೆ ಪೂರ್ತಿ ತೆಗೆಯಬೇಕು. ಇನ್ನು ರಿಂಗು. ಅವನು ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಪಂಪಿನ ಓ-ರಿಂಗ್ ಡಬ್ಬಿಯಿಂದ ಸುಮಾರಾಗಿ ಹೊಂದುವುದನ್ನು ಆರಿಸಿ ತಂದಿದ್ದ. ವರ್ನಿಯರ್ ಹಿಡಿದರೆ ಒಳವ್ಯಾಸ 14 ಮಿಲಿಮೀಟರ್ ಸರಿ ಇದೆ, ದಪ್ಪ 2 ಮಿಲಿಮೀಟರ್. ಈ ಟ್ಯಾಂಕಿಗೆ ಬೇಕಾದದ್ದು ಇಂಚಿನ ಲೆಕ್ಕದ 015 ನಂಬರ್: ಒಳವ್ಯಾಸ 14, ದಪ್ಪ 1.78. ಕಾಲು ಮಿಲಿಮೀಟರಿಗಿಂತಲೂ ಕಡಿಮೆ ವ್ಯತ್ಯಾಸ ಎಂದು ತಳ್ಳಿಹಾಕುವ ಹಾಗಿಲ್ಲ. ದಪ್ಪ ರಿಂಗು ಕಾಲುವೆಯಲ್ಲಿ ಹಿಡಿಸದೆ ಮೇಲೆ ಉಬ್ಬಿಕೊಂಡಿರುತ್ತದೆ, ಟ್ಯಾಂಕ್ ಬಿಗಿ ಮಾಡುವಾಗ ಅಂಚಿಗೆ ಸಿಕ್ಕಿ ಸಿಪ್ಪೆಯ ಹಾಗೆ ಸುಲಿಯುತ್ತದೆ. ಅವನ ಡಬ್ಬಿಯಲ್ಲಿದ್ದ ಹರಿದ ರಿಂಗುಗಳೆಲ್ಲ ಒಂದೇ ಕಡೆ ಸುಲಿದಿದ್ದವು.

ಜೊತೆಗೆ ರಬ್ಬರಿನ ಜಾತಿ. ಪಂಪಿಗೆ ಹಾಕುವುದು ಸಾಮಾನ್ಯವಾಗಿ 70 ಶೋರ್ ಗಟ್ಟಿತನದ ಕಪ್ಪು ನೈಟ್ರೈಲ್. ನೀರಿಗೆ, ಎಣ್ಣೆಗೆ ಅದು ಚಿನ್ನ. ಇಂಗಾಲದ ಡೈಆಕ್ಸೈಡ್ ಮಾತ್ರ ಒತ್ತಡದಲ್ಲಿ ಅದರ ಒಳಗೇ ಇಳಿದುಬಿಡುತ್ತದೆ. ಟ್ಯಾಂಕ್ ತೆಗೆದ ಕೂಡಲೇ ಒಳಗಿನ ಗ್ಯಾಸ್ ಹೊರಬರಲು ಹೋಗಿ ರಿಂಗು ಊದಿಕೊಳ್ಳುತ್ತದೆ, ಕೆಲವೊಮ್ಮೆ ಮೈಮೇಲೆ ಬೊಕ್ಕೆಯೇಳುತ್ತದೆ. ನೋಡಬೇಕೆನ್ನುವವರು ಬಳಸಿದ ನೈಟ್ರೈಲ್ ರಿಂಗೊಂದನ್ನು ಟ್ಯಾಂಕ್ ಬಿಚ್ಚಿದ ತಕ್ಷಣ ತೆಗೆದು ಕಾಗದದ ಮೇಲಿಡಿ. ಆಗ ಸಡಿಲವಾಗಿ, ಕಾಲುವೆಗೆ ದೊಡ್ಡದಾಗಿ ಕಂಡದ್ದು ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅಳತೆಗೆ ಬಂದಿರುತ್ತದೆ. ಹೀಗೆ ಊದಿ ಕುಗ್ಗಿ, ಊದಿ ಕುಗ್ಗಿ ಕೊನೆಗೆ ಬಿರುಕು ಬಿಡುತ್ತದೆ. 90 ಶೋರ್‌ನ ಪಾಲಿಯುರೆಥೇನ್ ರಿಂಗಿಗೆ ಈ ಕಾಟ ಕಡಿಮೆ. ಬೆಲೆ ಹೆಚ್ಚು, ಆದರೆ ಒಂದು ಪ್ಯಾಕೆಟ್ ತರಿಸಿಟ್ಟುಕೊಂಡರೆ ಕ್ಯಾಂಪಿನವನಿಗೆ ವರ್ಷಗಟ್ಟಲೆ ಬರುತ್ತದೆ. ನನ್ನ ಡಬ್ಬಿಯಲ್ಲಿ ಇದ್ದವು, ಹಾಕಿದೆ. ಅಡಾಪ್ಟರಿನ ಒಳಮುಖಕ್ಕೆ ಟಾರ್ಚ್ ಬಿಟ್ಟು ನೋಡಿದರೆ ರಿಂಗು ಕೂರುವ ಕಡೆ ಒಂದು ಅಡ್ಡಗೀರು ಕಾಣಿಸಿತು. ಹರಿದ ರಬ್ಬರಿನ ಚೂರನ್ನು ಯಾರೋ ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆದಿದ್ದಾರೆ. 1200 ನಂಬರಿನ ನೀರು ಪೇಪರನ್ನು (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಮೊಂಡು ಕಡ್ಡಿಯ ತುದಿಗೆ ಅಂಟಿಸಿ, ಸುತ್ತಾಕಾರವಾಗಿ ಮಾತ್ರ ಉಜ್ಜಿದೆ. ರಿಂಗಿನ ದಿಕ್ಕಿನಲ್ಲೇ ಇರುವ ನೂರು ಗೀರು ಸೋರುವುದಿಲ್ಲ, ಅದನ್ನು ಅಡ್ಡ ಹಾಯುವ ಒಂದು ಗೀರು ಸಾಕು.

7ನೇ ನಂಬರಿನದು ನಿಜವಾದ ಕಾಯಿಲೆ. ಕಾಕ್ ಮಾಡಿಟ್ಟರೂ ಬ್ಯಾರೆಲ್ ಬಾಯಿಂದ ಸಣ್ಣಗೆ, ಒಂದೇ ಸಮನೆ ಗಾಳಿ. ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಹಿಡಿದರೆ ನಿಧಾನವಾಗಿ ಉಬ್ಬುತ್ತಿತ್ತು. ದಾರಿ ಒಂದೇ ಇರುವುದರಿಂದ ಹುಡುಕಾಟವಿಲ್ಲ, ಕಪ್ ಸೀಲೇ. ಗ್ಯಾಸ್ ಖಾಲಿ ಮಾಡಿ, ಟ್ಯಾಂಕ್ ತೆಗೆದು, ಬೋಲ್ಟನ್ನು ಮುಂದಕ್ಕೆ ಬಿಟ್ಟು ಬಿಚ್ಚಲು ಕೂತೆ. ಇದು ಅಮೆರಿಕದ ಮಾಲು, ಅಲೆನ್ ಕೀ ಇಂಚಿನದೇ ಬೇಕು. ಮಿಲಿಮೀಟರಿನದು ಹತ್ತಿರ ಹತ್ತಿರ ಕೂರುತ್ತದೆ ಎಂದು ಬಲ ಹಾಕಿದವರು ಈ ಮಾರ್ಕರಿನ ಎರಡು ಬೋಲ್ಟಿನ ತಲೆಯನ್ನು ಆಗಲೇ ಗುಂಡಗೆ ಮಾಡಿಟ್ಟಿದ್ದರು. ಹಿಂದಿನ ಮುಚ್ಚಳ ತೆಗೆಯುವಾಗ ಒಳಗಿನ ಸ್ಪ್ರಿಂಗೂ ಅದರ ಕಡ್ಡಿಯೂ ಹಾರುತ್ತವೆ, ಬಟ್ಟೆ ಅಡ್ಡ ಹಿಡಿಯಬೇಕು. ಹೊರಮೈಯ ಒಂದು ಹೋಳನ್ನು ಮೇಲಕ್ಕೆತ್ತುವ ಮುಂಚೆ ಮಾರ್ಕರನ್ನು ಒಂದು ಮಗ್ಗುಲಿಗೆ ಮಲಗಿಸಿ, ಎತ್ತಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮತ್ತೆ ಜೋಡಿಸುವಾಗ ದೇವರನ್ನು ನೆನೆಯುವ ಕಷ್ಟ ತಪ್ಪುತ್ತದೆ.

ವಾಲ್ವನ್ನು ಬಿಚ್ಚಿ ಕಪ್ ಸೀಲ್ ಹೊರತೆಗೆದೆ. ಬರಿಗಣ್ಣಿಗೆ ಅದರ ಮುಖ ಚೆನ್ನಾಗಿಯೇ ಇತ್ತು. ನಮ್ಮ ಬೀದಿಯಲ್ಲಿ ಎಚ್‌ಎಂಟಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ತುಮಕೂರಿನಲ್ಲಿ 1978ರಲ್ಲಿ ಶುರುವಾಗಿ 2016ರಲ್ಲಿ ಬಾಗಿಲು ಹಾಕಿದ ವಾಚ್ ಫ್ಯಾಕ್ಟರಿಯವರು. ಆ ಜಾಗ ಈಗ ಇಸ್ರೋ ಪಾಲಾಗಿದೆ, ಇವರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮಾತ್ರ ಇನ್ನೂ ಮನೆಯ ಷೋಕೇಸಿನಲ್ಲಿದೆ. ಸೀಲನ್ನೂ ವಾಲ್ವನ್ನೂ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಹೋದೆ. ಕಾಫಿ ಕುಡಿದು ಮುಗಿಯುವವರೆಗೆ ಅವರು ಅದರ ಕಡೆ ನೋಡಲೂ ಇಲ್ಲ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಕನ್ನಡಿ ಸಿಕ್ಕಿಸಿಕೊಂಡು ಸೀಲಿನ ಮುಖವನ್ನು ಬೆಳಕಿಗೆ ಓರೆಯಾಗಿ ತಿರುಗಿಸಿದರು.

‘ಮೂರು ಗಂಟೆ ಕಡೆ ಒಂದು ಗುಳಿ ಇದೆ ನೋಡಪ್ಪ. ಗೀರಲ್ಲ, ಏನೋ ಒತ್ತಿರೋ ಗುರುತು. ಸೀಟ್ ಮೇಲೇನಾದ್ರೂ ಕೂತಿತ್ತಾ?’

‘ಒರೆಸಿಲ್ಲ ಸಾರ್, ಹಾಗೇ ತಂದಿದೀನಿ.’

‘ಒಳ್ಳೇದಾಯ್ತು. ಒರೆಸಿದ್ರೆ ಕಳ್ಳನ್ನ ಬಿಟ್ಟು ಕಳಿಸಿದ ಹಾಗೆ.’

ವಾಲ್ವನ್ನು ತಿರುಗಿಸಿ ಸೀಟಿನ ಮೇಲೆ ಬೆಳಕು ಬೀಳಿಸಿದರು. ಅಂಚಿನಲ್ಲಿ ಕೂದಲೆಳೆಯ ಹಾಗೆ ಬಿಳಿಯದೊಂದು ಅಂಟಿಕೊಂಡಿತ್ತು. ವಾಚಿನ ಚಿಮಟದಲ್ಲಿ ಹಿಡಿದೆತ್ತಿದರೆ ಅರ್ಧ ಅಕ್ಕಿಕಾಳಿನಷ್ಟು ಉದ್ದದ ತೆಳುಪದರ. ಬೆರಳಿನಲ್ಲಿ ಎಳೆದರೆ ಹಿಗ್ಗುತ್ತದೆ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು.

ಅದು ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಹೋಸಿನ ಫಿಟ್ಟಿಂಗ್ ಬಿಚ್ಚಿದರೆ ಥ್ರೆಡ್ಡಿನ ತುದಿಯವರೆಗೂ ಟೇಪನ್ನು ದಪ್ಪವಾಗಿ ಸುತ್ತಿದ್ದರು, ತುದಿಯಲ್ಲಿ ಅಂಚು ಎಳೆ ಎಳೆಯಾಗಿ ನೇತಾಡುತ್ತಿತ್ತು. ಹಿಂದೆ ಯಾವಾಗಲೋ ಇಲ್ಲಿ ಸೋರಿದ್ದನ್ನು ನಿಲ್ಲಿಸಲು ಹೋದ ಕೆಲಸವಿದು. ಅಲ್ಲಿನ ಸೋರಿಕೆ ನಿಂತಿದೆ, ನಿಜ. ಆದರೆ ಒಂದೊಂದು ಹೊಡೆತಕ್ಕೂ ಗ್ಯಾಸಿನ ಜೊತೆ ಟೇಪಿನ ನೂಲು ಹರಿದು ಮುಂದಕ್ಕೆ ಹೋಗುತ್ತಿತ್ತು. ನೀರಿನ ಪೈಪಿನಲ್ಲಿ ಅಂಥ ಚೂರು ಎಲ್ಲೋ ಹರಿದುಹೋಗುತ್ತದೆ. ಇಲ್ಲಿ ದಾರಿಯ ಕೊನೆಗೆ ಕಪ್ ಸೀಲ್ ಬಾಯಿ ಮುಚ್ಚಲು ಕಾದಿರುತ್ತದೆ. 1/8 ಇಂಚಿನ, ತುದಿಗೆ ಹೋದಂತೆ ಕಿರಿದಾಗುವ ಈ ಓರೆ ಥ್ರೆಡ್ಡಿಗೆ ಬೇಕಾದದ್ದು ಟೇಪಲ್ಲ, ಹಚ್ಚುವ ಸೀಲಂಟು. ಕಾರ್ಖಾನೆಗಳಲ್ಲಿ ಹೈಡ್ರಾಲಿಕ್ ಫಿಟ್ಟಿಂಗಿಗೆ ಬಳಸುವ, ಗಾಳಿಯಿಲ್ಲದ ಕಡೆ ಗಟ್ಟಿಯಾಗುವ ದ್ರವ. ಹಳೇ ಟೇಪನ್ನು ಹಿತ್ತಾಳೆ ಬ್ರಷ್ಷಿನಲ್ಲಿ ಪೂರ್ತಿ ಕಿತ್ತು, ಥ್ರೆಡ್ ಒಣಗಿಸಿ, ಮೊದಲ ಎರಡು ಸುತ್ತು ಬಿಟ್ಟು ಮೂರನೆಯದರಿಂದ ಸೀಲಂಟ್ ಹಚ್ಚಿ ಬಿಗಿ ಮಾಡಿದೆ. ಮೊದಲ ಸುತ್ತುಗಳನ್ನು ಬಿಡುವುದು ಯಾಕೆಂದರೆ ಹೆಚ್ಚಾದದ್ದು ಒಳಕ್ಕೆ ತಳ್ಳಲ್ಪಟ್ಟು ಮತ್ತದೇ ಕತೆಯಾಗಬಾರದು. ಒಂದು ರಾತ್ರಿ ಮುಟ್ಟದೆ ಬಿಟ್ಟೆ. ಹೋಸಿನೊಳಗೆ ಉಳಿದಿರಬಹುದಾದ ನೂಲನ್ನು ವರ್ಕ್‌ಶಾಪಿನ ಕಂಪ್ರೆಸರ್ ಗಾಳಿಯಿಂದ, ಹೋಗುವ ದಿಕ್ಕಿಗೆ ಎದುರಾಗಿ ಊದಿದೆ. ಬಿಳಿ ಬಟ್ಟೆ ಹಿಡಿದಿದ್ದೆ, ಇನ್ನೂ ಎರಡು ಎಳೆ ಬಂದು ಬಿದ್ದವು.

ಗುಳಿ ಬಿದ್ದ ಕಪ್ ಸೀಲಿಗೆ ಹೊಸದು ತರಿಸುವುದೇ ಸರಿಯಾದ ದಾರಿ. ಆದರೆ ಬಿಡಿಭಾಗ ಬರುವತನಕ ಕ್ಯಾಂಪ್ ಕಾಯುವುದಿಲ್ಲ. ಗಾಜಿನ ಹಲಗೆಯ ಮೇಲೆ 1500 ನಂಬರಿನ ಪೇಪರ್ ಹಾಸಿ, ನೀರು ಚಿಮುಕಿಸಿ, ಸೀಲಿನ ಮುಖವನ್ನು ತೂಕ ಹಾಕದೆ ಎಂಟರ ಆಕಾರದಲ್ಲಿ ಆಡಿಸಿದೆ. ಮುಖಕ್ಕೆ ಮೊದಲು ಪೆನ್ಸಿಲ್ ಗೆರೆ ಎಳೆದುಕೊಂಡರೆ ಎಲ್ಲಿ ತೇಯುತ್ತಿದೆ, ಎಲ್ಲಿ ಇಲ್ಲ ಎಂದು ಕಾಣುತ್ತದೆ. ಗುಳಿಯ ಕಡೆಯ ಗೆರೆ ಕೊನೆಗೆ ಅಳಿಸಿತು, ಅಲ್ಲಿಗೆ ನಿಲ್ಲಿಸಬೇಕು. ಜಾಸ್ತಿ ತೇದರೆ ಕಡ್ಡಿ ಕೂರುವ ಜಾಗವೇ ಬದಲಾಗಿ, ಗುಂಡಿನ ವೇಗ ಏರುಪೇರಾಗುತ್ತದೆ. ಜೋಡಿಸಿ ಗ್ಯಾಸ್ ಕೊಟ್ಟಾಗ ಮೊದಲು ಸ್ವಲ್ಪ ಗಾಳಿ ಇತ್ತು. ಹತ್ತಿಪ್ಪತ್ತು ಸಲ ಖಾಲಿ ಹೊಡೆದ ಮೇಲೆ ನಿಂತಿತು. ಹೊಸ ಸೀಲಿಗೂ ಇದೇ ರೂಢಿ, ಸೀಟಿನ ಮೇಲೆ ತನ್ನ ಜಾಗ ಮಾಡಿಕೊಳ್ಳಲು ನಾಲ್ಕು ಏಟು ಬೇಕು. ಹೊಸ ಸೀಲು ಬಂದ ಮೇಲೆ ಅದನ್ನೇ ಹಾಕಿದ್ದೇನೆ, ತೇದದ್ದನ್ನು ಆಪತ್ತಿಗಿರಲಿ ಎಂದು ಅವನ ಡಬ್ಬಿಗೆ ಸೇರಿಸಿದೆ.

11ನೇದು ಹೆಚ್ಚು ಹೊತ್ತು ತಿಂದಿತು. ಕಾಕ್ ಮಾಡಿಟ್ಟಾಗ ಸಣ್ಣ ಸುಯ್ ಸದ್ದು, ಟ್ರಿಗರಿನ ಸಂದಿಯಲ್ಲಿ ಗಾಳಿ. ಬ್ಯಾರೆಲ್ಲಿನಿಂದ ಏನೂ ಇಲ್ಲ. ಜೊತೆಗೆ ಒಮ್ಮೊಮ್ಮೆ ತಾನಾಗಿ ಎರಡೆರಡು ಹೊಡೆದುಕೊಳ್ಳುತ್ತದೆ. ಎರಡು ಲಕ್ಷಣ, ಎರಡು ಹೊತ್ತು. ಆದ್ದರಿಂದ ಕಾಯಿಲೆಯೂ ಎರಡು ಎಂದು ಇಟ್ಟುಕೊಂಡೇ ಹೊರಟೆ.

ಮೊದಲು ಸೋಪಿನ ನೀರು. ಅಡುಗೆ ಗ್ಯಾಸಿನ ರೆಗ್ಯುಲೇಟರಿಗೆ ಹಚ್ಚಿ ನೋಡುವುದು ಎಲ್ಲ ಮನೆಯಲ್ಲೂ ಗೊತ್ತಿರುವ ವಿದ್ಯೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ನೀರು ಅರ್ಧ ಲೋಟ, ಹಳೇ ಪೇಂಟಿಂಗ್ ಬ್ರಷ್. ಟ್ಯಾಂಕಿನ ಕತ್ತು, ಹೋಸಿನ ಎರಡೂ ತುದಿ, ಎಲ್ಲೂ ಗುಳ್ಳೆಯಿಲ್ಲ. ಅಂದರೆ ಹೊರಗಿನವು ಸರಿ. ಒಳಗಿನದಕ್ಕೆ ನೊರೆ ಮುಟ್ಟುವುದಿಲ್ಲ, ಹೊರಮೈ ಬಿಚ್ಚಿಟ್ಟು ಗ್ಯಾಸ್ ಕೊಡುವುದಂತೂ ಹುಚ್ಚುತನ. ಇಂಥ ಕಡೆ ನಾನು ಬಳಸುವುದು ಡ್ರಿಪ್ ನೀರಾವರಿಯ ಮೈಕ್ರೋ ಟ್ಯೂಬು. ತೋಟದ ಸಾಮಾನಿನ ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಒಂದು ತುದಿಯನ್ನು ಕಿವಿಯ ಹತ್ತಿರ ಹಿಡಿದು, ಕಿವಿಯೊಳಗೆ ತುರುಕದೆ, ಇನ್ನೊಂದನ್ನು ಮಾರ್ಕರಿನ ಸಂದಿಗುಂದಿಗಳಲ್ಲಿ ಆಡಿಸಿದರೆ ಡಾಕ್ಟರ ಸ್ಟೆತಾಸ್ಕೋಪಿನ ಕೆಲಸ ಮಾಡುತ್ತದೆ. ಟ್ರಿಗರಿನ ಬಳಿ ಗಾಳಿ ಇದ್ದರೂ ಸದ್ದು ಮಂದ. ಮುಂದಕ್ಕೆ, ಟೂಂಬ್‌ಸ್ಟೋನಿನ ಕಡೆ ಬಂದಂತೆ ಸದ್ದು ಚೂಪಾಯಿತು. ಗಾಳಿ ಹೊರಬರುತ್ತಿದ್ದುದು ಹಿಂದೆ, ಹುಟ್ಟುತ್ತಿದ್ದುದು ಮುಂದೆ.

ಗ್ಯಾಸ್ ತೆಗೆದು ಬಿಚ್ಚಿದೆ. ಅಡಾಪ್ಟರಿಗೂ ವಾಲ್ವಿಗೂ ನಡುವೆ ಇರುವ ರಿಂಗಿನ ಒಂದು ಕಡೆ ಅರ್ಧಚಂದ್ರದ ಆಕಾರದಲ್ಲಿ ಕಚ್ಚಿದ ಗುರುತು. ಒಣಗಿದ ರಿಂಗನ್ನು ಗ್ರೀಸಿಲ್ಲದೆ ಕೂರಿಸಿ, ಒಂದು ಕಡೆಯ ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ ಆಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ಹೀಗೆಯೇ ಆಗುವುದು. ಅಡಾಪ್ಟರ್ ಓರೆಯಾಗಿ ಇಳಿದು ಅಂಚಿನಲ್ಲಿ ರಬ್ಬರನ್ನು ಕತ್ತರಿಸುತ್ತದೆ. ಲೋಹದ ಅಂಚನ್ನು ಬೆರಳಿನಲ್ಲಿ ಸವರಿದೆ, ಮುಳ್ಳು ಸಿಗಲಿಲ್ಲ. ಹೊಸ ರಿಂಗಿಗೆ ಸಿಲಿಕೋನ್ ಗ್ರೀಸಿನ ತೆಳು ಲೇಪ ಕೊಟ್ಟು, ಸ್ಕ್ರೂಗಳನ್ನು ಕಾಲು ಕಾಲು ಸುತ್ತು ಬದಲಿಸಿ ಬದಲಿಸಿ ಬಿಗಿ ಮಾಡಿದೆ. ಅಂದ ಹಾಗೆ ಕ್ಯಾಂಪಿನ ಹುಡುಗರು ಇಲ್ಲಿಯತನಕ ಕೀಲಿಗೆ, ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇಯನ್ನೇ ಇದಕ್ಕೂ ಹೊಡೆಯುತ್ತಿದ್ದರಂತೆ. ಸ್ಪ್ರೇ ಎಣ್ಣೆ, ಪೆಟ್ರೋಲಿಯಂ ಎಣ್ಣೆ ಎರಡೂ ಬೇಡ ಎಂದು ಇದರ ಕೈಪಿಡಿಯಲ್ಲೇ ಬರೆದಿದೆ, ಸೀಲುಗಳು ಹಾಳಾಗುತ್ತವೆ. ಪೇಂಟ್‌ಬಾಲ್ ಗನ್ನಿನ ಎಣ್ಣೆ ನಾಲ್ಕು ಹನಿ ಟ್ಯಾಂಕಿನ ಅಡಾಪ್ಟರಿಗೆ ಬಿಟ್ಟು ಖಾಲಿ ಹೊಡೆದರೆ ಗ್ಯಾಸೇ ಅದನ್ನು ಒಳಗೆಲ್ಲ ಒಯ್ಯುತ್ತದೆ.

ಎರಡನೆಯ ಲಕ್ಷಣಕ್ಕೆ ಕಾರಣ ಹಿಂದಿನ ಬೋಲ್ಟಿನಲ್ಲಿತ್ತು. ಅದರ ರಿಂಗು ದುಂಡಗಿರುವ ಬದಲು ಮೇಲ್ಭಾಗ ಚಪ್ಪಟೆಯಾಗಿ ತೇದುಹೋಗಿ ಕಾಲುವೆಯ ಮಟ್ಟಕ್ಕೆ ಇಳಿದಿತ್ತು. ಅದರ ಸುತ್ತ ಕಂದುಬಣ್ಣದ ಅಂಟಂಟು ಮಣ್ಣು. ಪೇಂಟ್‌ಬಾಲ್ ಎಂದರೆ ಜೆಲಾಟಿನ್ ಚಿಪ್ಪಿನೊಳಗೆ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ಕಲಸಿದ ಬಣ್ಣ. ಬಿಸಿಲಿನಲ್ಲಿಟ್ಟರೆ ಚಿಪ್ಪು ಮೆತ್ತಗಾಗಿ ಬ್ಯಾರೆಲ್ಲಿನೊಳಗೇ ಒಡೆಯುತ್ತದೆ. ಒಡೆದದ್ದನ್ನು ಕೂಡಲೇ ತೊಳೆದರೆ ಬರೀ ನೀರಿಗೇ ಹೋಗುತ್ತದೆ, ಬಿಟ್ಟರೆ ಅಂಟಾಗುತ್ತದೆ. ಆ ಅಂಟಿಗೆ ದುರ್ಗದ ತಪ್ಪಲಿನ ಜಲ್ಲಿಮರಳು ಸೇರಿ, ಬೋಲ್ಟ್ ಹಿಂದೆ ಮುಂದೆ ಆಡಿದ ಹಾಗೆಲ್ಲ ವಾಲ್ವ್ ರುಬ್ಬುವ ಪೇಸ್ಟಿನ ಕೆಲಸ ಮಾಡಿದೆ. ಹೊಸ ರಿಂಗ್ ಹಾಕುವುದಕ್ಕೆ ಮುಂಚೆ ಬೋಲ್ಟನ್ನೂ ಹೊರಮೈಯ ಎರಡೂ ಹೋಳನ್ನೂ ಬೆಚ್ಚಗಿನ ನೀರಿನಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆದದ್ದೇ ದೊಡ್ಡ ಕೆಲಸ. ಬಕೆಟ್ಟಿನ ನೀರು ಹಸಿರು, ಕಿತ್ತಳೆ, ಕೊನೆಗೆ ಕೆಸರು. ಒಣಗಿಸಿ, ರಿಂಗ್ ಹಾಕಿ, ಎಣ್ಣೆ ಸವರಿ ಜೋಡಿಸಿದ ಮೇಲೆ ಒಂದು ಎಳೆತಕ್ಕೆ ಒಂದೇ ಏಟು.

ವೇಗ ನೋಡದೆ ಮಾರ್ಕರ್ ವಾಪಸ್ ಕೊಡುವ ಹಾಗಿಲ್ಲ. ಸೋರಿಕೆ ನಿಂತ ಮಾರ್ಕರು ಮೊದಲಿಗಿಂತ ಜೋರಾಗಿ ಹೊಡೆಯುತ್ತದೆ, ಸೋರುತ್ತಿದ್ದಾಗ ವೇಗ ಸಾಲದು ಎಂದು ಯಾರೋ ಸ್ಕ್ರೂ ಬಿಚ್ಚಿ ಏರಿಸಿರುತ್ತಾರೆ. ಕ್ಯಾಂಪಿನವನ ಬಳಿ ವೇಗ ಅಳೆಯುವ ಕ್ರೋನೋಗ್ರಾಫ್ ಇದೆ, ಅದು ಪುಣ್ಯ. ಮೈದಾನದಲ್ಲೇ ನಿಂತು ನೋಡಿದಾಗ 7ನೇದು 300 ಅಡಿ ದಾಟಿತು. ಎಡಮಗ್ಗುಲಿನ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ವೇಗ ಇಳಿಯುತ್ತದೆ, ಹೊರಕ್ಕೆ ತಿರುಗಿಸಿದರೆ ಏರುತ್ತದೆ. ಮೂರನ್ನೂ 270ರ ಸುತ್ತಮುತ್ತ ನಿಲ್ಲಿಸಿದೆ. 280 ಯಾಕಲ್ಲ ಎಂದು ಹುಡುಗ ಕೇಳಿದ. ಬೆಳಿಗ್ಗೆ ಎಂಟಕ್ಕೆ ಇಟ್ಟ 280 ಮಧ್ಯಾಹ್ನ ಎರಡಕ್ಕೆ 280 ಆಗಿಯೇ ಉಳಿಯುವುದಿಲ್ಲ. ಇಂಗಾಲದ ಡೈಆಕ್ಸೈಡಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72. 31 ಡಿಗ್ರಿ ದಾಟಿದರೆ ಅದಕ್ಕೆ ದ್ರವ ಎಂಬ ಸ್ಥಿತಿಯೇ ಇಲ್ಲ, ಅಲ್ಲಿಂದ ಮುಂದೆ ಒತ್ತಡ ಟ್ಯಾಂಕಿನಲ್ಲಿ ಎಷ್ಟು ತುಂಬಿದ್ದಾರೆ ಎಂಬುದರ ಮೇಲೆ ಇನ್ನೂ ಕಡಿದಾಗಿ ಏರುತ್ತದೆ. ತುಮಕೂರಿನ ಏಪ್ರಿಲ್ ಬಿಸಿಲಿನಲ್ಲಿ, ಬಂಡೆಯ ಮೇಲೆ ಬಿಟ್ಟ ಟ್ಯಾಂಕಿಗೆ 31 ಡಿಗ್ರಿ ಯಾವ ಲೆಕ್ಕ? ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ಅಳೆಯಬೇಕು, ಟ್ಯಾಂಕುಗಳನ್ನು ಮರದ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಇಡಬೇಕು. ರೆಗ್ಯುಲೇಟರ್ ಇರುವ ಒತ್ತಿದ ಗಾಳಿಯ ಟ್ಯಾಂಕಿಗೆ ಬದಲಾದರೆ ಈ ತಲೆನೋವೂ ಇಲ್ಲ, ಚಳಿಯ ಸೋರಿಕೆಯೂ ಇಲ್ಲ. ಆದರೆ ಅದನ್ನು ತುಂಬಲು 200 ಬಾರ್ ದಾಟುವ ಕಂಪ್ರೆಸರ್ ಬೇಕು, ಅದರ ಖರ್ಚಿನ ಮಾತೆತ್ತಿದಾಗ ಹುಡುಗ ಚಹಾ ತರಿಸುತ್ತೇನೆಂದು ಎದ್ದು ಹೋದ.

4 ಮತ್ತು 7, ಒತ್ತಡ ತೋರಿಸುವ ಗೇಜ್ ಹಾಕಿ ಟ್ಯಾಂಕ್ ಮುಚ್ಚಿ ಬಿಟ್ಟರೆ ಗಂಟೆಗಟ್ಟಲೆ ಮುಳ್ಳು ಅಲುಗುವುದಿಲ್ಲ. 11ನೇದರಲ್ಲಿ ಮುಳ್ಳು ಇನ್ನೂ ಕೂದಲಿನಷ್ಟು ಇಳಿಯುತ್ತದೆ, ಟ್ಯೂಬಿಗೂ ಕೇಳಿಸದಷ್ಟು ಸಣ್ಣದು. ಒಂದು ದಿನದ ಆಟಕ್ಕೆ ಅದರಿಂದ ತೊಂದರೆಯಿಲ್ಲ. ವಾಲ್ವಿನ ಹೊರರಿಂಗಿನ ಮೇಲೆ ನನಗೆ ಅನುಮಾನವಿದೆ, ಮುಂದಿನ ಸಲ ತೊಳೆಯಲು ಬಿಚ್ಚಿದಾಗ ಅದೊಂದನ್ನೇ ಬದಲಾಯಿಸಿ ನೋಡುವುದು.

ಟ್ಯಾಂಕುಗಳ ವಿಷಯ ಬೇರೆ. ಕತ್ತಿನ ಹತ್ತಿರ ಒತ್ತಿದ ಪರೀಕ್ಷೆಯ ತೇದಿ ಎರಡರಲ್ಲಿ ಮುಗಿದಿತ್ತು, ಅವೆರಡರಲ್ಲೇ ಒಂದರ ಪಿನ್ ವಾಲ್ವಿನಿಂದ ಸಣ್ಣಗೆ ಗ್ಯಾಸೂ ಹೋಗುತ್ತಿತ್ತು. ‘ಅದನ್ನೂ ಒಂಚೂರು ಬಿಚ್ಚಿ ನೋಡಿ ಅಣ್ಣ’ ಎಂದ. ಮಾರ್ಕರಿನ ವಾಲ್ವ್ ಬಿಚ್ಚುವುದು ರಿಪೇರಿ, ಟ್ಯಾಂಕಿನದು ಹಾಗಲ್ಲ. ಒಳಗೆ ಉಳಿದ ಗ್ಯಾಸಿಗೆ ವಾಲ್ವನ್ನು ಗುಂಡಿನ ಹಾಗೆ ಹಾರಿಸುವಷ್ಟು ಬಲವಿರುತ್ತದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಇಂಥವನ್ನು ಪರೀಕ್ಷಿಸುವುದು, ತುಂಬುವುದು ಎಲ್ಲ ಪೆಸೋ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅನುಮತಿ ಇದ್ದವರ ಕೆಲಸ. ಎರಡನ್ನೂ ಬೇರೆ ಚೀಲಕ್ಕೆ ಹಾಕಿ, ಮೇಲೆ ಕೆಂಪು ಅಕ್ಷರದಲ್ಲಿ ‘ತುಂಬಬೇಡಿ’ ಎಂದು ಬರೆದು, ಪರೀಕ್ಷೆಗೆ ಬೆಂಗಳೂರಿಗೆ ಕಳಿಸು ಎಂದು ಹೇಳಿ ಕೊಟ್ಟಿದ್ದೇನೆ.